ಎಬನೇಜರ ಕಾಕಾನ ಘಂಟೆ ಫೈಲು

ಕರೆಂಟ್ ಬರುವವರೆಗೆ ಹೇಳುತ್ತೇನೆ. ಮೊದಲು ಆ ಮೊಬೈಲಿನ ಬೆಳಕು ಆರಿಸಿ... ಹಾಂ. ನಡುವೆ ಯಾರೂ ನಗಬಾರದು. ನಗುವವರಿದ್ದರೆ ಈಗಲೇ ಒಳಗೆ ಹೋಗಿ ಮಲಗಲಿ.

ನಾನು ಔರಾದಿನ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದೆವ್ವ ಗಿವ್ವ ಅಂದ ಹುಡುಗರ ಕಿವಿ ಹಿಂಡಿದವಳು. ಆದರೆ ಇದು ಅವರಿವರ ಮಾತಲ್ಲ. ನನ್ನ ಸೋದರತ್ತೆ ಮಾರ್ಗರೆಟ ಇದ್ದಳಲ್ಲ, ಅವಳ ಮಗ ಜೀವನಕುಮಾರನಿಗೆ ಆದದ್ದು. ಅರ್ಧ ಅವನ ಬಾಯಿಂದ ಕೇಳಿದ್ದು, ಉಳಿದರ್ಧ ನಾನೇ ಕಣ್ಣಾರೆ ಕಂಡದ್ದು.

ಜನವರಿ ಚಳಿ. ಬೀದರಿನಿಂದ ಬಂದ ಕೊನೆಯ ಬಸ್ಸು ಹಲಬರ್ಗಾ ಕ್ರಾಸಿನಲ್ಲಿ ಜೀವನನೊಬ್ಬನನ್ನೇ ಇಳಿಸಿ ಭಾಲ್ಕಿ ಕಡೆಗೆ ಹೋಯಿತು. ಅಲ್ಲಿಂದ ಊರೊಳಗೆ ನಡೆಯಬೇಕು. ಅತ್ತೆ ಬೀದರಿನ ಆಸ್ಪತ್ರೆಯಲ್ಲಿದ್ದಳು. ಲಿವರ್ ಪೂರ್ತಿ ಹೋಗಿತ್ತು. ಈ ರಾತ್ರಿ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆ ಆಯುಷ್ಯವೆಲ್ಲ ನರ್ಸ್ ಕೆಲಸ ಮಾಡಿದವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಟ್ರಂಕಿನಲ್ಲಿ ಒಂದು ಬಿಳಿ ಸೀರೆ ಇದೆ, ತಂದಿಟ್ಟುಕೋ, ಆಮೇಲೆ ಹುಡುಕಾಡಬೇಡ ಎಂದು ತಾನೇ ಮಗನನ್ನು ಕಳಿಸಿದ್ದಳು. ಎಂಥ ಕೆಲಸಕ್ಕೆ ಕಳಿಸಿದಳು ನೋಡಿ. ಅವನ ಹೆಂಡತಿ ಜೆಮಿಮಾ ಅತ್ತೆಯ ಹತ್ತಿರ ಕೂತಿದ್ದಳು.

ಊರ ಬಾಗಿಲಲ್ಲೇ ನಮ್ಮ ಚರ್ಚು. ಅದರ ಪಕ್ಕ ಹಳೆಯ ಬಾವಿ. ಗಾಳಿಗೆ ಬಾವಿಯ ರಾಟೆ ಕಿರ್ರ್... ಕಿರ್ರ್... ಅನ್ನುತ್ತಿತ್ತು. ಇವನ ಚಪ್ಪಲಿ ಪಟಕ್, ಪಟಕ್. ಬೇರೆ ಸದ್ದಿಲ್ಲ.

ಬಾವಿ ದಾಟುವಾಗ ಬೀಗ ಹಾಕಿದ ಚರ್ಚಿನ ಒಳಗಿಂದ ಒಂದು ಗುಂಯ್... ಕೇಳಿತು. ಸ್ಪೀಕರ್ ಪೆಟ್ಟಿಗೆಯ ಸ್ವಿಚ್ ಹಾಕಿದಾಗ ಬರುತ್ತದಲ್ಲ, ಅದು. ಜೀವನ ನಿಂತ. ಆಮೇಲೆ ಕೆಮ್ಮು. ಖೊಹ್... ಖೊಹ್... ಕಫ ಕಟ್ಟಿದ ಮುದುಕರ ಕೆಮ್ಮು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಪಿಸುಮಾತಿಗಿಂತ ಸ್ವಲ್ಪ ದೊಡ್ಡ ದನಿಯಲ್ಲಿ...

"ಯಾರ ಹೆಸರು?"

ಆ ದನಿ ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ದನಿ ಅದು. ಅದರ ಯಜಮಾನನನ್ನು ಹಿಂದಿನ ಮಳೆಗಾಲದಲ್ಲಿ ಮಣ್ಣು ಮಾಡಿದ್ದೆವು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಜೀವನನೂ ಒಬ್ಬ.

ತಡೀರಿ, ಹಿಂದಿನದನ್ನು ಹೇಳದೆ ಇದು ತಿಳಿಯುವುದಿಲ್ಲ.

ಎಬನೇಜರ ಕಾಕಾ ನಮ್ಮ ಚರ್ಚಿನ ಘಂಟೆ ಬಾರಿಸುವವನು. ಹೆಂಡತಿ ಮಕ್ಕಳಿಲ್ಲ. ಘಂಟೆಯೇ ಅವನ ಸಂಸಾರ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಆರಾಧನೆಗೆ ಠಣಠಣಠಣ ಎಂದು ಬಿರುಸಾಗಿ ಹೊಡೆಯುತ್ತಿದ್ದ. ಮದುವೆಗೆ ಇನ್ನೂ ಬಿರುಸು, ಹಗ್ಗದ ಜೊತೆ ತಾನೂ ಜಿಗಿಯುತ್ತಿದ್ದ. ಸಾವಿಗೆ ಮಾತ್ರ ಬೇರೆ. ಠಣ್... ಆ ನಾದ ಪೂರ್ತಿ ಅಡಗಬೇಕು, ಬಾವಿಯ ಒಳಗಿನ ಮಾರ್ದನಿಯೂ ಅಡಗಬೇಕು, ಆಮೇಲೆ ಇನ್ನೊಂದು ಠಣ್...

ಅದಕ್ಕೊಂದು ಪದ್ಧತಿ ಇತ್ತು. ಸತ್ತವರ ಮನೆಯವರೇ ನಡೆದು ಬಂದು ಘಂಟೆಯ ಕೆಳಗೆ ನಿಲ್ಲಬೇಕು. ಕಾಕಾ ಹಗ್ಗ ಹಿಡಿದು, ಕೆಮ್ಮಿ, "ಯಾರ ಹೆಸರು?" ಎಂದು ಕೇಳುತ್ತಿದ್ದ. ಮನೆಯವರು ಬಾಯಿ ಬಿಟ್ಟು ಹೆಸರು ಹೇಳಬೇಕು. ಹೆಣದ ಪಕ್ಕದಲ್ಲೇ ರಾತ್ರಿಯಿಡೀ ಕೂತು ಎದ್ದು ಬಂದವನಾದರೂ ಕೇಳುವುದು ಬಿಡುತ್ತಿರಲಿಲ್ಲ. ಹೇಳಿದರೇ ಹಗ್ಗ ಎಳೆಯುವುದು. ಎಷ್ಟೋ ಗಂಡಸರು ಅಲ್ಲಿಯವರೆಗೆ ಗಟ್ಟಿಯಾಗಿದ್ದು, ಆ ಹೆಸರು ಹೇಳುವಾಗ ಕುಸಿದು ಕೂತದ್ದನ್ನು ನಾನು ನೋಡಿದ್ದೇನೆ. ಹೆಸರು ಹೇಳಿ ಘಂಟೆ ಆಗುವತನಕ ಜೀವ ಊರಲ್ಲೇ ಇರುತ್ತದೆ ಎಂದು ಹಳಬರು ನಂಬಿದ್ದರು.

ಆ ಘಂಟೆಯ ತೊಲೆಗೆ ಗೆದ್ದಲು ಹಿಡಿಯಿತು. ಯಾರದಾದರೂ ತಲೆಯ ಮೇಲೆ ಬಿದ್ದೀತೆಂದು ಚರ್ಚಿನ ಸಭೆಯವರು ಇಳಿಸಬೇಕೆಂದರು. ಹೊಸ ತೊಲೆ ಹಾಕಿಸುವ ಮಾತು ಮಾತಲ್ಲೇ ಉಳಿಯಿತು. ಆಗ ಮುಂದೆ ಬಂದವನು ನಮ್ಮ ಜೀವನ.

ಅವನು ನೌಬಾದದ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಎಕ್ಸೆಲ್ ಅಂದರೆ ಅವನಿಗೆ ಪ್ರಾಣ. "ಸಾರಿಗೆ ಉಪ್ಪು ಹಾಕಬೇಕಂದ್ರೂ ನಮ್ಮ ಮನ್ಯಾಗ ಇವರು ಒಂದು ಬಟನ್ ಮಾಡಿ ಕೊಡ್ತಾರ" ಎಂದು ಜೆಮಿಮಾ ಕಾಡಿಸುತ್ತಿದ್ದಳು. ಎಕ್ಸೆಲ್ ಹಾಳೆಯ ಹಿಂದೆ ಮ್ಯಾಕ್ರೋ ಎಂಬ ಕೋಡ್ ಬರೆದಿಟ್ಟರೆ, ಒಂದು ಬಟನ್ ಒತ್ತಿದ ಕೂಡಲೇ ಅದು ಹೊರಗೆ ಹೋಗಿ ಬೇರೆ ಫೈಲನ್ನು ತೆರೆಯುತ್ತದಂತೆ. ಪತ್ರವಿರಲಿ, ಫೋಟೋ ಇರಲಿ, ಹಾಡಿರಲಿ. ಆ ಫೈಲು ಯಾವ ಫೋಲ್ಡರಿನಲ್ಲಿ ಏನು ಹೆಸರಿನಿಂದ ಇದೆ ಎಂಬ ವಿಳಾಸ ಸರಿ ಇದ್ದರೆ ಸಾಕು. ಅಲ್ಲಿ ಫೈಲು ಇಲ್ಲದಿದ್ದರೆ ಏನಪ್ಪಾ ಎಂದು ನಾನೇ ಒಮ್ಮೆ ಕೇಳಿದ್ದೆ. "ಫೈಲು ಸಿಗಲಿಲ್ಲ ಅಂತ ತೋರಸ್ತದಕ್ಕಾ. ಇಲ್ದಿದ್ದು ಹ್ಯಾಂಗ ತೆರೀತದ?" ಅಂದ. ಇದನ್ನು ಮಾತ್ರ ನೆನಪಿಡಿ. ಇಲ್ಲದ ಫೈಲನ್ನು ಯಾವ ಮ್ಯಾಕ್ರೋವೂ ತೆರೆಯಲಾರದು.

ಕಾಲೇಜು ಬಿಸಾಡಿದ ಒಂದು ಹಳೆಯ ಕಂಪ್ಯೂಟರನ್ನು ಕೇಳಿ ತಂದ. ಭಾಲ್ಕಿಯಿಂದ ಒಂದು ಸ್ಪೀಕರ್ ಪೆಟ್ಟಿಗೆ ತಂದ. ಹಾಳೆಯಲ್ಲಿ ಮೂರು ಬಟನ್ ಮಾಡಿದ. ಹಸಿರು ಆರಾಧನೆಗೆ, ಹಳದಿ ಮದುವೆಗೆ, ಕೆಂಪು ಸಾವಿಗೆ. ಒಂದೊಂದೂ ಒಂದೊಂದು ಘಂಟೆ ಫೈಲನ್ನು ತೆರೆಯಬೇಕು. ಫೈಲು ಬೇಕಲ್ಲ? ಘಂಟೆ ಇಳಿಸುವ ಮುಂಚೆ ಒಂದು ಸಂಜೆ ಮೊಬೈಲ್ ಹಿಡಿದು ಕಾಕಾನ ಮುಂದೆ ನಿಂತ. ಕಾಕಾ ಹಸಿರಿನದು ಹೊಡೆದ. ಹಳದಿಯದು ಹೊಡೆದ, ನಕ್ಕ ಕೂಡ. ಮೂರನೆಯದಕ್ಕೆ ಹಗ್ಗ ಹಿಡಿದು, ಕೆಮ್ಮಿ, ಸುಮ್ಮನೆ ನಿಂತ.

"ಯಾರ ಹೆಸರು?"

"ಯಾರೂ ಸತ್ತಿಲ್ಲ ಕಾಕಾ. ರೆಕಾರ್ಡಿಂಗ್ ಸಲುವಾಗಿ. ಹಂಗೇ ಹೊಡೀರಿ."

"ಹೆಸರಿಲ್ದ ಇದು ಹೊಡ್ಯೋದಲ್ಲೋ ತಮ್ಮಾ."

ಜೀವನನಿಗೆ ಬಸ್ಸಿನ ಗಡಿಬಿಡಿ. "ಹೆಸರು ಆಮ್ಯಾಲ ಹೇಳ್ತೇನಿ ಬಿಡ್ರಿ" ಅಂದುಬಿಟ್ಟ.

ಕಾಕಾ ಅವನನ್ನು ಬಹಳ ಹೊತ್ತು ನೋಡಿದನಂತೆ. ಆಮೇಲೆ ಹಗ್ಗ ಎಳೆದ. ಜೀವನ ಆಮೇಲೆ ಮನೆಯಲ್ಲಿ ಕೂತು ಆ ಕೆಮ್ಮು, ಆ ಪ್ರಶ್ನೆ, ತನ್ನ ಉತ್ತರ ಎಲ್ಲವನ್ನೂ ಕತ್ತರಿಸಿ ತೆಗೆದು, ಬರೀ ಘಂಟೆಯಷ್ಟನ್ನೇ ಉಳಿಸಿಕೊಂಡ.

ಘಂಟೆ ಇಳಿದ ಮೇಲೆ ಕಾಕಾ ಬಹಳ ದಿನ ಬಾಳಲಿಲ್ಲ. ಹಾಸಿಗೆ ಹಿಡಿದಾಗ ನೋಡಿಕೊಂಡವಳು ನಮ್ಮ ಅತ್ತೆ. ಅವನು ಸತ್ತಾಗ ಮನೆಯವರು ಅಂತ ಯಾರಿದ್ದರು? ಅತ್ತೆಯೇ ಚರ್ಚಿಗೆ ನಡೆದು ಹೋದಳು. ಕಂಪ್ಯೂಟರಿನ ಮುಂದೆ ಸೆರಗು ಹೊದ್ದು ನಿಂತು, "ಎಬನೇಜರ ಅಣ್ಣನ ಹೆಸರು ರಿ" ಎಂದು ಗಟ್ಟಿಯಾಗಿ ಹೇಳಿದಳು. ಮಷೀನಿಗೆ ಯಾಕೆ ಹೇಳುತ್ತಾಳೆ ಎಂದು ಹಿಂದೆ ನಿಂತವರು ಮುಸಿಮುಸಿ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಜೀವನ ಕೆಂಪು ಬಟನ್ ಒತ್ತಿದ. ಕಾಕಾ ಹೊಡೆದ ಘಂಟೆಯೇ ಕಾಕಾನಿಗೆ ಆಯಿತು.

ಈಗ ಆ ರಾತ್ರಿಗೆ ಬನ್ನಿ.

ಬೀಗದ ಕೈ ಜೀವನನ ಹತ್ತಿರವೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಇವನಿಗೆ ಸಿಟ್ಟು ಬಂತು. ತಾಯಿ ಸಾಯುವ ಹೊತ್ತಿನಲ್ಲಿ ಯಾರೋ ಒಳಗೆ ಕೂತು ಕುಚೋದ್ಯ ಮಾಡುತ್ತಿದ್ದಾರೆ ಎಂದುಕೊಂಡ. ಬಾಗಿಲು ತಳ್ಳಿದ. ಯಾರೂ ಇಲ್ಲ. ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು. ಅವನ ಹಾಳೆ ತೆರೆದಿತ್ತು. ಮ್ಯಾಕ್ರೋ ಸಾವಿನ ಘಂಟೆಯ ಫೈಲನ್ನು ತೆರೆದಿತ್ತು. ಆದರೆ ಘಂಟೆ ಬಾರಿಸುತ್ತಿಲ್ಲ. ಫೈಲು ಓಡುವುದನ್ನು ತೋರಿಸುವ ಗೆರೆ ಇರುತ್ತದಲ್ಲ, ಅದು ಮೊದಲಲ್ಲೇ ನಿಂತಿತ್ತು. ಕಾಯುತ್ತಿತ್ತು.

ಫೈಲನ್ನು ಮುಚ್ಚಿದ. ಟಕ್. ತಾನೇ ತೆರೆಯಿತು. ಖೊಹ್... ಖೊಹ್... 

"ಯಾರ ಹೆಸರು?"

ತಾನು ಕತ್ತರಿಸಿ ತೆಗೆದ ಭಾಗ ಅದು. ಈ ಫೈಲಿನಲ್ಲಿ ಇರಲೇಬಾರದು. ಜೀವನನಿಗೆ ಒಂದು ಉಪಾಯ ಹೊಳೆಯಿತು. ಅವತ್ತು ಹೆಸರು ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಹೇಳಿಬಿಟ್ಟರೆ ಮುಗಿಯಿತು. ಹೇಗೂ ಸತ್ತವನ ಹೆಸರೇ ಇದೆ.

"ಎಬನೇಜರ" ಅಂದ. ಮತ್ತೊಮ್ಮೆ ಅಂದ. "ಎಬನೇಜರ ಕಾಕಾ... ನಿಮ್ಮದೇ ಹೆಸರು."

ಗುಂಯ್... ಗುಂಯ್... ಬರೀ ಪೆಟ್ಟಿಗೆಯ ಸದ್ದು.

"ಅದು ಆಗ್ಯದ."

ಇಷ್ಟೇ. ಬೈದಂತೆ ಅಲ್ಲ, ಹೆದರಿಸಿದಂತೆಯೂ ಅಲ್ಲ. ಮರೆತವರಿಗೆ ನೆನಪು ಮಾಡಿಕೊಟ್ಟಂತೆ. ಆಮೇಲೆ ಮತ್ತೆ ಅದೇ ಪ್ರಶ್ನೆ.

ಯಾರ ಹೆಸರನ್ನು ಕೇಳುತ್ತಿದೆ ಎಂದು ಜೀವನನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡ. ನಿಜವಾಗಿಯೂ, ಎಡಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡೇ ಬಲಗೈಯಿಂದ ಆ ಫೈಲನ್ನು ಅಳಿಸಿದ. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯನ್ನೂ ಖಾಲಿ ಮಾಡಿದ. ವೈರು ಕಿತ್ತ. ಬೀಗ ಹಾಕಿ, ಮನೆಗೆ ಹೋಗಿ ಸೀರೆ ತೆಗೆದುಕೊಂಡು, ಹಾಲಿನ ಗಾಡಿ ಹತ್ತಿ ಬೀದರಿಗೆ ಹೊರಟ. ದಾರಿಯಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ತಪ್ಪಿ ಅವ್ವನ ಹೆಸರು ಬಾಯಿಗೆ ಬಂದೀತು ಎಂಬ ಭಯ.

ಆಸ್ಪತ್ರೆಯಲ್ಲಿ ಅತ್ತೆ ಬದುಕಿದ್ದಳು.

ಅವತ್ತು ಬೆಳಿಗ್ಗೆ ಔರಾದಿನಿಂದ ನಾನೂ ಹೋದೆ. ದೇವರು ದೊಡ್ಡವನು ಎಂದು ಎಲ್ಲರೂ ಹೇಳಿದೆವು. ಮರುದಿನವೂ ಬದುಕಿದ್ದಳು. ಅದರ ಮರುದಿನವೂ. ಆಮೇಲೆ ನಮಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಯಾಕೆಂದರೆ ಅದು ಬದುಕಾಗಿರಲಿಲ್ಲ. ಹೊಟ್ಟೆ ಬಿಂದಿಗೆಯಂತೆ ಉಬ್ಬಿತ್ತು. ಕಣ್ಣು ಅರಿಶಿಣ. ಮೈ ಮುಟ್ಟಿದರೆ ಚೀರುತ್ತಿದ್ದಳು. ಚೀರಲು ಶಕ್ತಿ ಹೋದ ಮೇಲೆ ಹ್ಹ... ಹ್ಹ... ಎಂದು ಬರೀ ಉಸಿರು ಬಿಡುತ್ತಿದ್ದಳು. ಸೂಜಿಮದ್ದು ಹಿಡಿಯುತ್ತಿರಲಿಲ್ಲ. ಇವರು ಹೇಗೆ ಇದ್ದಾರೋ ನನಗೆ ಗೊತ್ತಾಗುತ್ತಿಲ್ಲ ಎಂದು ಡಾಕ್ಟರೇ ಹೊರಗೆ ಕರೆದು ಹೇಳಿದರು. ವಾರ ಕಳೆಯಿತು. ನಾನು ಸತ್ಯ ಹೇಳುತ್ತೇನೆ... ಪ್ರಾರ್ಥನೆ ಮಾಡುವಾಗ ಉಳಿಸು ಎಂದು ಕೇಳುವುದನ್ನು ಬಿಟ್ಟು ಕರೆದುಕೋ ಎಂದು ಕೇಳತೊಡಗಿದೆ. ಅಷ್ಟು ಪ್ರೀತಿಯ ಅತ್ತೆ. ನನಗೆ ಎಣ್ಣೆ ಹಚ್ಚಿ ಜಡೆ ಹಾಕಿದವಳು.

ಜೀವನ ಒಳಗೊಳಗೇ ಸುಟ್ಟುಹೋಗುತ್ತಿದ್ದ. ಒಂದು ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನಗೆ ಎಲ್ಲವನ್ನೂ ಹೇಳಿದ. ನಾನು ಏನು ಹೇಳಿದೆ ಗೊತ್ತೇ? ನಿದ್ದೆಗೆಟ್ಟಿದ್ದೀಯ, ಭ್ರಮೆ, ಚಹಾ ಕುಡಿ ಅಂದೆ. ವಿಜ್ಞಾನದ ಟೀಚರಲ್ಲವೇ.

ನಾವಿಬ್ಬರೂ ಒಳಗೆ ಬಂದಾಗ ಅತ್ತೆ ಕಣ್ಣು ತೆರೆದಿದ್ದಳು. ಎಷ್ಟೋ ದಿನದ ಮೇಲೆ ನೆಟ್ಟಗೆ ಮಗನನ್ನೇ ನೋಡಿದಳು. ನಾವು ಅವಳಿಗೆ ಒಂದಕ್ಷರ ಹೇಳಿರಲಿಲ್ಲ. ನನ್ನ ಆಣೆ.

"ಜೀವನಾ... ಕಾಕಾ ಕೇಳ್ಲಿಕತ್ತಾನ. ಹೇಳಿ ಬಾರೋ."

"ಏನವ್ವಾ?"

"ನನ್ನ ಹೆಸರು."

ಜೀವನ ಅವಳ ಕೈ ಬಿಡಿಸಿಕೊಂಡ. "ನಾ ಹೇಳಂಗಿಲ್ಲವ್ವಾ. ಬೇರೆ ಯಾರರೆ ಹೇಳಲಿ. ನನ್ನ ಬಾಯಿಲೆ ಆಗಂಗಿಲ್ಲ."

ಅತ್ತೆಗೆ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. "ಹೈರಾಣ ಆಗೇನಿ ಮಗಾ" ಅಂದಳು. "ಬಿಟ್ಟು ಕೊಡು."

ಅವನು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ. ತಾಯಿಯನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿದ ಮಗ, ಈಗ ಅದೇ ಬಾಯಿ ತೆರೆಯಬೇಕು. ನನಗಾಗಿದ್ದರೆ ಆಗುತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಹೇಳಲಾರೆ. ಸ್ವಲ್ಪ ಹೊತ್ತಿಗೆ ಮುಖ ತೊಳೆದು ಬಂದ. ಅವಳ ಪಾದ ಮುಟ್ಟಿದ. ನನಗೆ ಬೆಳಿಗ್ಗೆ ಶಾಲೆಯಿತ್ತು, ಕೊನೆಯ ಬಸ್ಸಿಗೆ ಔರಾದಿಗೆ ಹೊರಟೆ. ಅವನು ಗೆಳೆಯನ ಬೈಕ್ ತೆಗೆದುಕೊಂಡು ಹಲಬರ್ಗಾಕ್ಕೆ ಹೋದ.

ಚರ್ಚಿನೊಳಗೆ ತಾನೇ ವೈರು ಸಿಕ್ಕಿಸಿದ. ಹಾಳೆ ತೆರೆದ. ಕೆಂಪು ಬಟನ್ ಒತ್ತಿದ. ಟಿಂಗ್ ಎಂದು ಪರದೆಯ ಮೇಲೆ ಅವನೇ ಬರೆದಿಟ್ಟಿದ್ದ ಸೂಚನೆ ಬಂತು. ಫೈಲು ಸಿಗಲಿಲ್ಲ. ಸರಿಯೇ, ಅಳಿಸಿದ್ದನಲ್ಲ. ಮತ್ತೊಮ್ಮೆ ಒತ್ತಿದ. ಟಿಂಗ್. ಫೈಲು ಸಿಗಲಿಲ್ಲ. ಅವನಿಗೆ ಅಳು ಬಂತು. ಅಳಿಸಬಾರದಿತ್ತು, ಇನ್ನು ಅವ್ವ ಹೀಗೆಯೇ ನರಳುತ್ತಾಳೆ ಎಂದು ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಆ ಸೂಚನೆ ಪರದೆಯ ಮೇಲೆ ಹಾಗೆಯೇ ಇತ್ತು. ಅದರ ಹಿಂದಿನಿಂದ...

ಖೊಹ್... ಖೊಹ್...

ಜೀವನ ಎದ್ದು ನಿಂತ. ಚಪ್ಪಲಿ ಬಿಟ್ಟ. ಘಂಟೆಯ ಕೆಳಗೆ ಜನ ನಿಲ್ಲುತ್ತಿದ್ದ ಹಾಗೆ ಕೈ ಕಟ್ಟಿಕೊಂಡ.

"ಯಾರ ಹೆಸರು?"

"ಮಾರ್ಗರೆಟ" ಅಂದ. "ನಮ್ಮವ್ವ ರಿ ಕಾಕಾ."

ಹಗ್ಗ ಜಗ್ಗಿದ ಸದ್ದು ಮೊದಲು. ಕರ್ರ್... ಆಮೇಲೆ ಠಣ್... ಅದು ಪೂರ್ತಿ ಅಡಗಿತು. ಬಾವಿಯಲ್ಲೂ ಅಡಗಿತು. ಮತ್ತೆ ಠಣ್... ಊರಲ್ಲಿ ಎಚ್ಚರವಾದವರು ಒಬ್ಬೊಬ್ಬರೇ ಬಾಗಿಲು ತೆಗೆದು, ಯಾರು ಹೋದರು ಎಂದು ಪಿಸುಗುಟ್ಟಿದರು. ಹಲಬರ್ಗಾದಲ್ಲಿ ಕೇಳದವರೇ ಇಲ್ಲ, ಬೇಕಾದರೆ ವಿಚಾರಿಸಿ. ಕೊನೆಯ ನಾದ ಮುಗಿದ ಮೇಲೆ ಜೀವನನಿಗೆ ಫೋನು ಬಂತು. ಜೆಮಿಮಾ. ಅವನು ಎತ್ತಲಿಲ್ಲ. ಎತ್ತುವುದು ಬೇಕಾಗಿರಲಿಲ್ಲ.

ಅತ್ತೆಗೆ ಆ ಬಿಳಿ ಸೀರೆ ಉಡಿಸಿದವಳು ನಾನು. ಮುಖದಲ್ಲಿ ನೋವಿನ ಗೆರೆ ಒಂದೂ ಇರಲಿಲ್ಲ. ನಿದ್ದೆ ಹೋದವರ ಮುಖ. ಎಷ್ಟು ಅಳು ಬಂತೋ ಮನಸ್ಸು ಅಷ್ಟೇ ಹಗುರವೂ ಆಯಿತು.

ಸಂಕಟದಲ್ಲಿ ಜನ ಏನೇನೋ ಕೇಳಿಸಿಕೊಳ್ಳುತ್ತಾರೆ, ಜೀವನನಿಗೂ ಹಾಗೇ ಆಗಿರಬೇಕು ಎಂದು ನೀವು ಅನ್ನಬಹುದು. ಸರಿ, ಅವನನ್ನು ಬಿಡಿ. ನನ್ನನ್ನೂ ಬಿಡಿ. ಆ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಮುಸರ್ರತ ಎಂಬ ಆಯಾ ಇದ್ದಳು. ಬೀದರಿನವಳೇ. ಹಲಬರ್ಗಾ ನೋಡಿದವಳಲ್ಲ, ನಮ್ಮ ಚರ್ಚಿನ ಘಂಟೆಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಜೆಮಿಮಾ ಪಕ್ಕದ ಬೆಂಚಿನ ಮೇಲೆ ತೂಕಡಿಸುತ್ತಿದ್ದಳು. ಎಚ್ಚರವಿದ್ದವಳು ಮುಸರ್ರತ ಒಬ್ಬಳೇ.

ಮಣ್ಣಾದ ಮೇಲೆ ಅತ್ತೆಯ ಲೋಟ, ಕಂಬಳಿ ತರಲು ನಾನು ಆಸ್ಪತ್ರೆಗೆ ಹೋಗಿದ್ದೆ. ಆಗ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. ಕೊನೆಗೆ ನೋವಿತ್ತೇ ಎಂದು ಕೇಳಿದೆ.

"ಇಲ್ಲ ರಿ ಟೀಚರ್. ಕಣ್ಣು ತೆರದು, ಹಾಂ ರಿ, ನಾನೇ, ಅಂದ್ರು. ಯಾರಿಗಂದ್ರೋ ಗೊತ್ತಿಲ್ಲ. ಆಮ್ಯಾಲ ಮಂಚದ ಬಾಜೂಕೇ ಠಣ್ ಅಂತು. ಊಟದ ತಾಟು ಬಿತ್ತೇನೋ ಅಂತ ನಾ ಬಗ್ಗಿ ಎಲ್ಲಾ ಮಂಚದ ಕೆಳಗ ನೋಡ್ದೆ ರಿ. ಎದ್ದು ನೋಡೋತನ ಇವ್ರು ಹೋಗಿದ್ರು."

ಅವಳು ಕಂಬಳಿ ಮಡಚಿ ನನ್ನ ಕೈಗಿಟ್ಟಳು. ಮುಸರ್ರತ ಈಗಲೂ ಅದೇ ವಾರ್ಡಿನಲ್ಲಿದ್ದಾಳೆ, ಹೋಗಿ ಕೇಳಿ. ನಾನು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಇನ್ನೊಂದು ಮಾತು ಹೇಳಿದಳು.

"ಒಂದೂ ತಾಟು ಬಿದ್ದಿದ್ದಿಲ್ಲ ರಿ."